ಫೌಂಡ್ರಿ ಮರಳು, ಸ್ಲ್ಯಾಗ್, ಬಾಟಮ್ ಆಶ್: ಕಾಂಕ್ರೀಟಿಗೆ ಯಾವುದು, ಎಲ್ಲಿಗೆ, ಎಷ್ಟು?

ಕಾರ್ಖಾನೆ ಹೊರಗೆ ಹಾಕುವ ಮರಳನ್ನು ಕಾಂಕ್ರೀಟಿಗೆ ಬೆರೆಸಬಹುದಾ? ಬೆರೆಸಬಹುದು. ಅದರ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. ಗೊಂದಲ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಕಡೆ ಲೋಹದ ಎರಕ ಹೊಯ್ಯುವ ಫೌಂಡ್ರಿ ಇದೆ, ಇನ್ನೊಂದು ಕಡೆ ತಾಮ್ರ ಕರಗಿಸುವ ಕಾರ್ಖಾನೆ, ಮತ್ತೊಂದು ಕಡೆ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ. ಎಲ್ಲರ ಅಂಗಳದಲ್ಲೂ ರಾಶಿ ಬಿದ್ದಿದೆ: ಮೊದಲನೆಯವರಲ್ಲಿ ಬಳಸಿ ಬಿಟ್ಟ ಮರಳು, ಎರಡನೆಯವರಲ್ಲಿ ಸ್ಲ್ಯಾಗ್, ಅಂದರೆ ಲೋಹ ಕರಗಿಸಿದಾಗ ಉಳಿಯುವ ಕಿಟ್ಟ, ಮೂರನೆಯವರಲ್ಲಿ ಬಾಟಮ್ ಆಶ್, ಅಂದರೆ ಬಾಯ್ಲರಿನ ತಳದ ಬೂದಿ. ಮೂರೂ ಮಾಮೂಲಿ ಮರಳಿನ ಒಂದು ಭಾಗದ ಬದಲಿಗೆ ಹೋಗುವಂಥವು. ಎಲ್ಲರೂ ತಗೊಂಡು ಹೋಗಿ ಅನ್ನುತ್ತಾರೆ. ಯಾವ ರಾಶಿಗೆ ಲಾರಿ ಕಳಿಸಬೇಕು?

ಬಹಳ ಜನ "ಶೇಕಡಾ ಎಷ್ಟು ಹಾಕಬಹುದು" ಎಂದು ಕೇಳುತ್ತಾರೆ. ಅದನ್ನು ಕೊನೆಗೆ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಆ ಕಾಂಕ್ರೀಟ್ ಎಲ್ಲಿಗೆ ಹೋಗುತ್ತದೆ, ಒಳಗೆ ಕಂಬಿ ಇದೆಯಾ, ಮೇಲ್ಮೈ ಕಣ್ಣಿಗೆ ಬೀಳುತ್ತದಾ ಅನ್ನುವುದು ಮೊದಲು. ಮರಳು ಒಂದೇ ಮೂಲದಿಂದ, ಒಂದೇ ಥರ ಬರುತ್ತದಾ ಅನ್ನುವುದು ಆಮೇಲೆ. ಈ ಎರಡು ಗೊತ್ತಾದರೆ ಪ್ರಮಾಣ ತಾನಾಗಿಯೇ ಒಂದು ಮಿತಿಯೊಳಗೆ ಬರುತ್ತದೆ.

ಯಾವುದರಿಂದ ಅಳೆಯಬೇಕು

ಮೊದಲು ಕಣದ ಗಾತ್ರ. ಒಳ್ಳೆಯ ಮರಳಿನಲ್ಲಿ 4.75 ಮಿಲಿಮೀಟರಿನಿಂದ ಹಿಡಿದು 150 ಮೈಕ್ರಾನ್‌ವರೆಗೆ ಎಲ್ಲ ಗಾತ್ರದ ಕಣಗಳೂ ಇರುತ್ತವೆ. ದಪ್ಪ ಕಣಗಳ ಸಂದಿಯಲ್ಲಿ ಸಣ್ಣವು ಕೂರುತ್ತವೆ. ಉಳಿದ ಸಂದಿಯನ್ನು ಸಿಮೆಂಟಿನ ಪೇಸ್ಟ್ ತುಂಬುತ್ತದೆ. ಎಲ್ಲ ಕಣಗಳೂ ಒಂದೇ ಗಾತ್ರದವಾದರೆ ಸಂದಿ ಜಾಸ್ತಿ, ಅದನ್ನು ತುಂಬಲು ಸಿಮೆಂಟೂ ಜಾಸ್ತಿ. ಮರಳು ಪುಕ್ಕಟೆ ಸಿಕ್ಕಿತು ಎಂದು ಖುಷಿಪಟ್ಟು, ಉಳಿಸಿದ ದುಡ್ಡನ್ನು ಸಿಮೆಂಟಿಗೆ ಸುರಿದರೆ ಏನು ಬಂತು?

ಎರಡನೆಯದು ಕೊಳೆ. ಜೇಡಿ, ಕಲ್ಲಿದ್ದಲ ಪುಡಿ, ಅರೆ ಸುಟ್ಟ ಇಂಗಾಲ, ರಾಳದ ಅಂಟು, ಲೋಹದ ಚೂರು ಎಲ್ಲವೂ ಇದರಲ್ಲಿ ಬರುತ್ತವೆ. ಮೂರನೆಯದು ಮರಳು ಎಷ್ಟು ನೀರು ಕುಡಿಯುತ್ತದೆ ಅನ್ನುವುದು. ನಾಲ್ಕನೆಯದು ತೂಕ. ಕಂಬಿ ಇರುವ ಕಾಂಕ್ರೀಟಾದರೆ ಕ್ಲೋರೈಡ್ ಮತ್ತು ಸಲ್ಫೇಟ್ ಕೂಡ ನೋಡಲೇಬೇಕು. ಮಳೆನೀರು ತಾಗಿದಾಗ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಕರಗಿ ಹೊರಬರುತ್ತವಾ ಅನ್ನುವುದನ್ನು ಲ್ಯಾಬ್‌ನಲ್ಲಿ ಲೀಚಿಂಗ್ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಕಣ್ಣಿಂದ, ಮೂಗಿನಿಂದ ಗೊತ್ತಾಗುವ ವಿಷಯ ಅದಲ್ಲ.

ಇನ್ನು ದೂರ. ಮರಳು ಭಾರದ ಸರಕು, ಬೆಲೆ ಕಡಿಮೆ. ತ್ಯಾಜ್ಯ ಪುಕ್ಕಟೆಯಾದರೂ ಸಾಗಣೆ ಪುಕ್ಕಟೆಯಲ್ಲ. ಲಾರಿ ಬಾಡಿಗೆಯೇ ಮಾಮೂಲಿ ಮರಳಿನ ಬೆಲೆಯನ್ನು ದಾಟಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಪರಿಸರಕ್ಕೆ ಒಳ್ಳೆಯದು ಅನ್ನುವ ಮಾತೂ ಅಷ್ಟು ಡೀಸೆಲ್ ಸುಟ್ಟ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ.

ಫೌಂಡ್ರಿ ಮರಳು

ಎರಕ ಹೊಯ್ಯುವ ಅಚ್ಚಿಗೆ ಫೌಂಡ್ರಿಗಳು ಆರಿಸಿದ ಸಿಲಿಕಾ ಮರಳನ್ನೇ ಕೊಳ್ಳುತ್ತವೆ. ಅದನ್ನೇ ಹಲವು ಸಲ ತಿರುಗಿಸಿ ಬಳಸುತ್ತವೆ. ಕರಗಿದ ಲೋಹದ ಬಿಸಿಗೆ ಕಣಗಳು ಒಡೆಯುತ್ತವೆ, ಜೇಡಿ ಸುಟ್ಟು ಅಂಟುವ ಗುಣ ಕಳೆದುಕೊಳ್ಳುತ್ತದೆ. ಇನ್ನು ಅಚ್ಚು ನಿಲ್ಲುವುದಿಲ್ಲ ಅನ್ನುವ ಹೊತ್ತಿಗೆ ಹೊರಗೆ ಹಾಕುತ್ತಾರೆ. ಹಾಗಾಗಿ ಮೂಲದಲ್ಲಿ ಇದು ಒಳ್ಳೆಯ ಜಾತಿಯ ಮರಳೇ. ತೊಂದರೆ ಇರುವುದು ಅದಕ್ಕೆ ಅಂಟಿಕೊಂಡಿರುವುದರಲ್ಲಿ.

ಫೌಂಡ್ರಿಯಿಂದ ಬರುವುದು ಒಂದೇ ವಸ್ತು ಅಲ್ಲ, ಮೂರು. ಇದನ್ನು ಗಮನಿಸದೆ ಲಾರಿ ತುಂಬಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲನೆಯದು ಗ್ರೀನ್ ಸ್ಯಾಂಡ್. ಅಚ್ಚಿಗೆ ಹೆಚ್ಚಾಗಿ ಬಳಸುವುದು ಇದನ್ನೇ. ಶೇ. 85ರಿಂದ 95 ಸಿಲಿಕಾ, ಶೇ. 4ರಿಂದ 10 ಬೆಂಟೋನೈಟ್ ಜೇಡಿ, ಜೊತೆಗೆ ಕಲ್ಲಿದ್ದಲ ಪುಡಿ ಮತ್ತು ನೀರು. ಬಣ್ಣ ಕಪ್ಪು. ಎರಡನೆಯದು ರಾಸಾಯನಿಕ ಅಂಟಿನ ಮರಳು. ಎರಕದ ಒಳಗಿನ ಟೊಳ್ಳು ಮಾಡುವ ಕೋರ್‌ಗಳಿಗೆ ಬಳಸುವುದು. ಇದರಲ್ಲಿ ಸಿಲಿಕಾ ಶೇ. 93ರಿಂದ 99, ಅಂಟು ಶೇ. 1ರಿಂದ 3. ನೋಡಲು ತಿಳಿ ಬಣ್ಣ, ಜೇಡಿ ಇಲ್ಲ. ಮೂರನೆಯದು ಧೂಳು ಹಿಡಿಯುವ ಚೀಲಗಳಲ್ಲಿ ಕೂತ ಪುಡಿ. ಇದು ಮರಳೇ ಅಲ್ಲ. ಜೇಡಿ ಮತ್ತು ಇಂಗಾಲ ತುಂಬಿದ ಹಿಟ್ಟು. ರಾಶಿಯನ್ನು ಖಾಲಿ ಮಾಡುವ ಉತ್ಸಾಹದಲ್ಲಿ ಇದನ್ನೂ ಲಾರಿಗೆ ಸೇರಿಸುತ್ತಾರೆ. ಬೇಡ ಅನ್ನಿ.

ಕಾಂಕ್ರೀಟಿಗೆ ಗ್ರೀನ್ ಸ್ಯಾಂಡ್ ಕೊಡುವ ನಿಜವಾದ ತಲೆನೋವು ಬೆಂಟೋನೈಟ್. ಸುಟ್ಟು ಸತ್ತ ಜೇಡಿ ಅಷ್ಟು ಕಾಡುವುದಿಲ್ಲ. ಜೀವ ಇರುವ ಜೇಡಿ ನೀರು ಹೀರಿ ಉಬ್ಬುತ್ತದೆ, ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅನ್ನುವ ಅಳತೆ) ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀರು ಹೆಚ್ಚಿಸದೆ ಕಾಂಕ್ರೀಟ್ ಹರಿಯುವಂತೆ ಮಾಡಲು ಈಗ ಹೆಚ್ಚಾಗಿ ಬಳಸುವ ರಾಸಾಯನಿಕ, ಪಾಲಿಕಾರ್ಬಾಕ್ಸಿಲೇಟ್ ಸೂಪರ್‌ಪ್ಲಾಸ್ಟಿಸೈಜರ್, ಈ ಜೇಡಿಯ ಪದರಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಸಿಮೆಂಟಿಗೆ ತಲುಪುವುದೇ ಇಲ್ಲ. ಈ ಅಡ್ಮಿಕ್ಸ್ಚರ್ (ಬೆರಕೆ ರಾಸಾಯನಿಕ) ಎಷ್ಟು ಸುರಿದರೂ ಕಾಂಕ್ರೀಟ್ ಬಿಗಿಯಾಗಿಯೇ ಇರುತ್ತದೆ. ಹುಡುಗರು ಆಗ ಸುಮ್ನೆ ನೀರು ಹಾಕಿಬಿಡುತ್ತಾರೆ. ಕಸುವು ಅಲ್ಲೇ ಹೋಯಿತು. ಕಲ್ಲಿದ್ದಲ ಪುಡಿಯದ್ದೂ ಇಂಥದ್ದೇ ಚಾಳಿ. ಅದು ಗಾಳಿಗುಳ್ಳೆ ಹುಟ್ಟಿಸುವ ರಾಸಾಯನಿಕವನ್ನು ಹೀರುತ್ತದೆ. ಹಿಮ ಬೀಳುವ ಪ್ರದೇಶಗಳಲ್ಲಿ ಕಾಂಕ್ರೀಟಿಗೆ ಆ ಗುಳ್ಳೆಗಳು ಬೇಕೇ ಬೇಕು. ಅಲ್ಲಿ ಇದು ಸಣ್ಣ ವಿಷಯವಲ್ಲ.

ಜೇಡಿ ಎಷ್ಟಿದೆ ಎಂದು ತಿಳಿಯಲು ಮೆಥಿಲೀನ್ ಬ್ಲೂ ಪರೀಕ್ಷೆ ಇದೆ. ಇಂಗಾಲಕ್ಕೆ ಲಾಸ್ ಆನ್ ಇಗ್ನಿಷನ್, ಅಂದರೆ ಸುಟ್ಟಾಗ ತೂಕ ಎಷ್ಟು ಇಳಿಯುತ್ತದೆ ಎಂದು ನೋಡುವುದು. ಒಂದು ಅನುಕೂಲ ಇದೆ: ಅಚ್ಚಿನ ಗುಣ ಕಾಯ್ದುಕೊಳ್ಳಲು ಒಳ್ಳೆಯ ಫೌಂಡ್ರಿಗಳು ತಮ್ಮ ಲ್ಯಾಬ್‌ನಲ್ಲಿ ಇವೆರಡನ್ನೂ ಮಾಡುತ್ತಲೇ ಇರುತ್ತವೆ. ಅವರ ರಿಜಿಸ್ಟರ್ ತೋರಿಸಿ ಎಂದು ಕೇಳಿ. ಅಂಕಿಗಳು ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಫೌಂಡ್ರಿಯನ್ನು ನಂಬಬಹುದು. ರಿಜಿಸ್ಟರೇ ಇಲ್ಲ ಅಂದರೆ ಅದೂ ಒಂದು ಉತ್ತರ.

ಕೋರ್ ಮರಳಿನಲ್ಲಿ ಜೇಡಿಯ ಕಾಟ ಇಲ್ಲ. ಆದರೆ ಅಂಟು ಯಾವುದು ಅನ್ನುವುದನ್ನು ಕೇಳಲೇಬೇಕು. ಫೀನಾಲಿಕ್ ರಾಳವಾದರೆ ಫೀನಾಲ್ ಕರಗಿ ಹೊರಬರುತ್ತದಾ ನೋಡಬೇಕು. ಫ್ಯೂರಾನ್ ರಾಳದ ಜೊತೆ ಗಂಧಕ ಇರುವ ಆಮ್ಲ ಬಳಸಿರಬಹುದು. ಸೋಡಿಯಂ ಸಿಲಿಕೇಟ್ ಆದರೆ ಕಾಂಕ್ರೀಟಿನಲ್ಲಿ ಕ್ಷಾರ ಹೆಚ್ಚುತ್ತದೆ. ಜಲ್ಲಿಯೇನಾದರೂ ಕ್ಷಾರಕ್ಕೆ ಪ್ರತಿಕ್ರಿಯಿಸುವ ಜಾತಿಯದ್ದಾದರೆ ವರ್ಷಗಳ ಮೇಲೆ ಬಿರುಕು ಕಾಣಿಸೀತು.

ಲೋಹದ ಚೂರುಗಳ ಕಥೆ ಬೇರೆ. ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆಯಬಹುದು. ಬಿಟ್ಟರೆ ಮೇಲ್ಮೈಯಲ್ಲಿ ತುಕ್ಕಿನ ಕಲೆ. ಅಲ್ಯುಮಿನಿಯಂ ಚೂರು ಅಯಸ್ಕಾಂತಕ್ಕೆ ಸಿಗುವುದಿಲ್ಲ. ಅದು ಸಿಮೆಂಟಿನ ಕ್ಷಾರದ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ. ಹಗುರ ಗಾಳಿಬ್ಲಾಕ್ ಉಬ್ಬಿಸಲು ಬೇಕೆಂದೇ ಅಲ್ಯುಮಿನಿಯಂ ಪುಡಿ ಹಾಕುತ್ತಾರಲ್ಲ, ಅದೇ ಕ್ರಿಯೆ ನಿಮ್ಮ ಸ್ಲ್ಯಾಬ್‌ನಲ್ಲಿ ಬೇಡದೆ ನಡೆಯುತ್ತದೆ. ಹಿತ್ತಾಳೆ, ಕಂಚಿನ ಫೌಂಡ್ರಿ ಮರಳಿನ ಹತ್ತಿರ ಹೋಗಲೇಬೇಡಿ. ಸೀಸದ ಭಯ ಇರುವುದು ಅಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಕಬ್ಬಿಣ, ಉಕ್ಕು, ಅಲ್ಯುಮಿನಿಯಂ ಫೌಂಡ್ರಿಗಳ ಸಿಲಿಕಾ ಮರಳನ್ನು ಪರಿಶೀಲಿಸಿ, ಮಣ್ಣಿಗೆ ಬೆರೆಸಲು ಮತ್ತು ರಸ್ತೆಯ ತಳಕ್ಕೆ ಹಾಕಲು ಅಡ್ಡಿಯಿಲ್ಲ ಎಂದಿತು. ಹಿತ್ತಾಳೆ ಮತ್ತು ಕಂಚಿನ ಮರಳನ್ನು ಮಾತ್ರ ಆ ಒಪ್ಪಿಗೆಯಿಂದ ಹೊರಗಿಟ್ಟಿತು. ಬಿಡಿ ಮಣ್ಣಿಗೇ ಸರಿ ಅಂದಮೇಲೆ, ಸಿಮೆಂಟಿನಲ್ಲಿ ಬಂಧಿಯಾದ ಅಂಥ ಮರಳಿನ ಬಗ್ಗೆ ವಿಪರೀತ ಹೆದರುವ ಕಾರಣವಿಲ್ಲ.

ಈಗ ಕಣದ ಗಾತ್ರಕ್ಕೆ ಬರೋಣ. ಫೌಂಡ್ರಿ ಮರಳು ತುಂಬಾ ಸಣ್ಣ. ಬಹುಪಾಲು ಕಣಗಳು 150ರಿಂದ 600 ಮೈಕ್ರಾನ್ ಒಳಗೇ ಇರುತ್ತವೆ. ಒಂದನ್ನೇ ಹಾಕಿದರೆ ಕಾಂಕ್ರೀಟಿಗೆ ಒಗ್ಗುವುದಿಲ್ಲ. ನದಿ ಮರಳೇ ಸಣ್ಣದಾಗಿರುವ ಕಡೆ ಇದನ್ನೂ ಬೆರೆಸಿದರೆ ಇನ್ನೂ ಕೆಡುತ್ತದೆ. ಆದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಬಳಸುವ ಕಡೆ ಲೆಕ್ಕ ತಿರುಗುತ್ತದೆ. ಎಂ-ಸ್ಯಾಂಡಿನಲ್ಲಿ ದಪ್ಪ ಕಣ ಜಾಸ್ತಿ, ಹಿಟ್ಟೂ ಇರುತ್ತದೆ, ನಡುವಿನ ಗಾತ್ರ ಹಲವು ಸಲ ಕಡಿಮೆ. ಕಾಂಕ್ರೀಟ್ ಒರಟಾಗಿ ಬರುತ್ತದೆ. ಆ ನಡುವಿನ ಜಾಗಕ್ಕೆ ಫೌಂಡ್ರಿ ಮರಳು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಫೌಂಡ್ರಿ ಮರಳಿನ ಅತ್ಯುತ್ತಮ ಉಪಯೋಗ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಪ್ರಮಾಣ? ಮರಳಿನ ಶೇ. 10ರಿಂದ 20 ಭಾಗ ಬದಲಿಸಿದರೆ ಸಾಮಾನ್ಯವಾಗಿ ಕಸುವು ಹಾಗೇ ಇರುತ್ತದೆ, ಕೆಲವೊಮ್ಮೆ ಸ್ವಲ್ಪ ಏರುತ್ತದೆ. ಸ್ವಚ್ಛ ಮರಳಾದರೆ ಶೇ. 30ರವರೆಗೂ ನಡೆಯುತ್ತದೆ. ಅದರಾಚೆಗೆ ನೀರಿನ ಬೇಡಿಕೆ ಏರುತ್ತ, ಕಸುವು ಇಳಿಯುತ್ತ ಹೋಗುತ್ತದೆ. ಬಣ್ಣವೂ ಕಪ್ಪಾಗುತ್ತದೆ.

ತೊಳೆದು ಬಳಸೋಣ ಅನ್ನುವವರಿದ್ದಾರೆ. ಜೇಡಿ ಹೋಗುತ್ತದೆ, ನಿಜ. ಬದಲಿಗೆ ಕಪ್ಪು ಕೆಸರಿನ ಹೊಂಡ ಹುಟ್ಟುತ್ತದೆ. ಅದನ್ನು ಎಲ್ಲಿ ಸುರಿಯುತ್ತೀರಿ? ಕುಲುಮೆಯಲ್ಲಿ ಕಾಯಿಸಿ ರಾಳ ಸುಡುವ ಉಪಾಯವೂ ಇದೆ. ಅಷ್ಟು ಇಂಧನ ಸುಟ್ಟು ಶುದ್ಧ ಮಾಡಿದ ಮರಳನ್ನು ಫೌಂಡ್ರಿ ತನಗೇ ಇಟ್ಟುಕೊಳ್ಳುತ್ತದೆ, ನಿಮಗೇಕೆ ಕೊಟ್ಟೀತು? ಕಾಂಕ್ರೀಟಿನ ಮಟ್ಟಿಗೆ ಜರಡಿ ಮತ್ತು ಅಯಸ್ಕಾಂತ ಇಷ್ಟರಲ್ಲೇ ನಿಲ್ಲಿಸಿ, ಪ್ರಮಾಣ ಕಡಿಮೆ ಇಡುವುದು ಜಾಣತನ.

ತಾಮ್ರದ ಸ್ಲ್ಯಾಗ್

ಒಂದು ಟನ್ ತಾಮ್ರ ತೆಗೆದರೆ ಸುಮಾರು 2.2 ಟನ್ ಸ್ಲ್ಯಾಗ್ ಉಳಿಯುತ್ತದೆ. ಕಪ್ಪಗೆ, ಗಾಜಿನಂತೆ ಹೊಳೆಯುವ, ಚೂಪು ಅಂಚಿನ ಕಣ. ನೀರು ಕುಡಿಯುವುದು ತೀರಾ ಕಡಿಮೆ. ಹೀಗಾಗಿ ಕಾಂಕ್ರೀಟ್ ಸಲೀಸಾಗಿ ಹರಿಯುತ್ತದೆ, ನೀರು ಕಡಿಮೆ ಮಾಡಬಹುದು. ಮರಳಿನ ಶೇ. 40ರ ಆಸುಪಾಸು ಬದಲಿಸಿದರೂ ಕಸುವಿಗೆ ಧಕ್ಕೆ ಇಲ್ಲ. ಅದಕ್ಕಿಂತ ಜಾಸ್ತಿ ಹಾಕಿ ನೀರನ್ನು ಮೊದಲಿನಷ್ಟೇ ಇಟ್ಟರೆ ನೀರು ಮೇಲೆ ಬಂದು ನಿಲ್ಲುತ್ತದೆ. ಸ್ಲ್ಯಾಬಿನ ಮೇಲ್ಪದರ ದುರ್ಬಲವಾಗುತ್ತದೆ.

ಇದರ ಗುಣವೂ ತೊಡಕೂ ಒಂದೇ, ತೂಕ. ಮಾಮೂಲಿ ಮರಳಿನ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಜಾಗದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು, 2.65ರ ಸುತ್ತ. ಇದರದ್ದು 3.4ರಿಂದ 3.9. ಅದಕ್ಕೇ ಬದಲಿಸುವಾಗ ತೂಕದ ಲೆಕ್ಕ ಹಿಡಿಯಬೇಡಿ, ಗಾತ್ರದ ಲೆಕ್ಕ ಹಿಡಿಯಿರಿ. ಒಂದು ಘನ ಮೀಟರಿಗೆ 700 ಕಿಲೋ ಮರಳು ಇರುವ ಮಿಕ್ಸ್ ತಗೊಳ್ಳಿ. ಶೇ. 40 ಅಂದರೆ 280 ಕಿಲೋ ಮರಳು ತೆಗೆಯುತ್ತೀರಿ. ಅಷ್ಟೇ ಜಾಗ ತುಂಬಲು 3.6 ಸಾಂದ್ರತೆಯ ಸ್ಲ್ಯಾಗ್ ಸುಮಾರು 380 ಕಿಲೋ ಬೇಕು. ಬರೀ 280 ಕಿಲೋ ಹಾಕಿದರೆ ಘನ ಮೀಟರ್ ತುಂಬುವುದೇ ಇಲ್ಲ. ಸರಿಯಾಗಿ ಹಾಕಿದರೆ ಪ್ರತಿ ಘನ ಮೀಟರಿಗೆ 100 ಕಿಲೋ ಭಾರ ಏರುತ್ತದೆ. ಎತ್ತರದ ಕಟ್ಟಡದ ಸ್ಲ್ಯಾಬಿಗೆ ಇದು ಹೊರೆ. ತಡೆಗೋಡೆ, ಯಂತ್ರದ ಬುನಾದಿಯಂಥ ಕಡೆ ತೂಕವೇ ಬೇಕಾಗಿರುತ್ತದೆ, ಅಲ್ವಾ?

ಒಂದು ಎಚ್ಚರಿಕೆ. ಹಡಗು, ಟ್ಯಾಂಕ್‌ಗಳ ಹಳೆ ಬಣ್ಣ ಕೆರೆಯಲು ಇದನ್ನೇ ಜೋರಾಗಿ ಊದಿ ಬಳಸುತ್ತಾರೆ. ಹಾಗೆ ಒಮ್ಮೆ ಬಳಸಿದ ಸ್ಲ್ಯಾಗ್‌ನಲ್ಲಿ ಬಣ್ಣದ ಪುಡಿ ಸೇರಿರುತ್ತದೆ, ಅದರ ಜೊತೆ ಸೀಸವೂ ಇರಬಹುದು. ನೇರವಾಗಿ ಕಾರ್ಖಾನೆಯಿಂದ ಬಂದದ್ದೇ ಎಂದು ಖಚಿತ ಮಾಡಿಕೊಳ್ಳಿ.

ಕಬ್ಬಿಣ ಮತ್ತು ಉಕ್ಕಿನ ಸ್ಲ್ಯಾಗ್

ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವವರಿದ್ದಾರೆ. ಬೇರೆ ಬೇರೆ ವಸ್ತು. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯ ಸ್ಲ್ಯಾಗನ್ನು ನೀರಿನಲ್ಲಿ ತಟ್ಟನೆ ತಣಿಸಿದರೆ ಮರಳಿನಂಥ ಗಾಜಿನ ಕಣ ಸಿಗುತ್ತದೆ. ಕಾಂಕ್ರೀಟಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದನ್ನು ನುಣ್ಣಗೆ ಅರೆದರೆ ಸಿಮೆಂಟಿನ ಬದಲಿಗೇ ಬಳಸಬಹುದು. ಸಿಮೆಂಟ್ ಉಳಿಸುವ ವಸ್ತುವನ್ನು ಮರಳಿನ ಜಾಗಕ್ಕೆ ಸುರಿಯುವುದು ನನಗೆ ದಂಡ ಅನ್ನಿಸುತ್ತದೆ. ಹತ್ತಿರದಲ್ಲಿ ಅರೆಯುವ ಘಟಕವೇ ಇಲ್ಲದಿದ್ದರೆ ಮಾತು ಬೇರೆ.

ಉಕ್ಕಿನ ಸ್ಲ್ಯಾಗ್ ಒಳಗೆ ಸೇರದೆ ಉಳಿದ ಸುಣ್ಣ ಇರುತ್ತದೆ. ಅದು ಗಟ್ಟಿಯಾದ ಕಾಂಕ್ರೀಟಿನೊಳಗೆ ನಿಧಾನವಾಗಿ ನೀರು ಹಿಡಿದು ಉಬ್ಬುತ್ತದೆ. ಮೇಲ್ಮೈ ಚಕ್ಕೆ ಏಳುತ್ತದೆ, ಬಿರುಕು ಬಿಡುತ್ತದೆ. ತಿಂಗಳುಗಟ್ಟಲೆ ಬಯಲಿನಲ್ಲಿ ನೀರು ಹೊಡೆದು ಹಳತಾಗಿಸಿದ್ದಲ್ಲದೆ ಮುಟ್ಟಬಾರದು. ಕಂಬಿ ಇರುವ ಕೆಲಸಕ್ಕೆ ಹಳತಾದರೂ ಬೇಡ.

ಬಾಟಮ್ ಆಶ್

ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಮೇಲೇರುವುದು ಹಾರುಬೂದಿ. ಬಾಯ್ಲರಿನ ತಳಕ್ಕೆ ಬೀಳುವುದು ಇದು. ತೂತು ತೂತಾದ ಹಗುರ ಕಣ. ನೀರು ಚೆನ್ನಾಗಿ ಕುಡಿಯುತ್ತದೆ. ಒಣ ಬೂದಿಯನ್ನೇ ಮಿಕ್ಸರಿಗೆ ಹಾಕಿದರೆ ಕಣ್ಣೆದುರಿಗೇ ಸ್ಲಂಪ್ ಇಳಿಯುತ್ತದೆ. ಹಿಂದಿನ ದಿನವೇ ನೆನೆಸಿಟ್ಟು ಬಳಸಿದರೆ ಆ ಒಳಗಿನ ನೀರು ಆಮೇಲೆ ನಿಧಾನವಾಗಿ ಹೊರಬಂದು ಕ್ಯೂರಿಂಗಿಗೆ ನೆರವಾಗುತ್ತದೆ. ಕಸುವು ಸ್ವಲ್ಪ ಕಡಿಮೆ, ತೂಕವೂ ಕಡಿಮೆ. ಗೋಡೆ ಬ್ಲಾಕಿಗೆ ಒಳ್ಳೆಯ ಜೋಡಿ. ಸಮುದ್ರದ ನೀರಿನಲ್ಲಿ ತೊಳೆದು ಸಾಗಿಸಿದ ಬೂದಿಯಾದರೆ ಕ್ಲೋರೈಡ್ ಇರುತ್ತದೆ. ಕಂಬಿಯ ಹತ್ತಿರ ಬಿಡಬೇಡಿ.

ನಿಯಮ ಏನನ್ನುತ್ತದೆ

ಸರ್ಕಾರಿ ಕೆಲಸವೋ, ಎಂಜಿನಿಯರ್ ಸಹಿ ಬೇಕಾದ ಕಟ್ಟಡವೋ ಆದರೆ ಮೊದಲ ಬಾಗಿಲು ಇದೇ. ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತದ ಐಎಸ್ 383 ಮಾನದಂಡವನ್ನು 2016ರಲ್ಲಿ ಪರಿಷ್ಕರಿಸಿದಾಗ ತ್ಯಾಜ್ಯದಿಂದ ಬಂದ ಮರಳಿಗೆ ಮಿತಿಗಳನ್ನು ಬರೆದರು. ತಾಮ್ರದ ಸ್ಲ್ಯಾಗ್‌ಗೆ ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ ಶೇ. 40, ಕಂಬಿ ಇರುವಲ್ಲಿ ಶೇ. 35. ಊದುಕುಲುಮೆ ಸ್ಲ್ಯಾಗ್‌ಗೆ ಶೇ. 50 ಮತ್ತು 25. ಉಕ್ಕಿನ ಸ್ಲ್ಯಾಗ್‌ಗೆ ಶೇ. 25, ಕಂಬಿ ಇರುವಲ್ಲಿ ಸೊನ್ನೆ. ಆ ಪಟ್ಟಿಯಲ್ಲಿ ಫೌಂಡ್ರಿ ಮರಳಿನ ಹೆಸರಿಲ್ಲ. ಹಾಗೆಂದು ಅದು ಕೆಟ್ಟದ್ದು ಅಂತ ಅರ್ಥವಲ್ಲ. ಸಹಿ ಹಾಕುವವರ ಎದುರು ಪರೀಕ್ಷೆಯ ವರದಿಗಳನ್ನು ನೀವೇ ಇಡಬೇಕಾಗುತ್ತದೆ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು

ಪೇವರ್, ಕರ್ಬ್, ಸಾಲಿಡ್ ಬ್ಲಾಕ್ ಮಾಡುವ ಸಣ್ಣ ಘಟಕಕ್ಕೆ ಫೌಂಡ್ರಿ ಮರಳು ಮೊದಲ ಆಯ್ಕೆ. ಕಂಬಿ ಇಲ್ಲ, ಒತ್ತುವ ಯಂತ್ರಕ್ಕೆ ಸ್ಲಂಪ್ ಬೇಡ, ದಿನವೂ ಒಂದೇ ಮಿಕ್ಸ್. ಜೇಡಿಯಿಂದ ಆಗುವ ತೊಂದರೆ ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬಣ್ಣ ಕಪ್ಪಾಗುತ್ತದೆ ಅನ್ನುವ ಚಿಂತೆ ಇದ್ದರೆ ಪೇವರಿನ ಕೆಳಪದರಕ್ಕೆ ಮಾತ್ರ ಹಾಕಿ, ಮೇಲಿನ ಬಣ್ಣದ ಪದರವನ್ನು ಮಾಮೂಲಿ ಮರಳಿನಲ್ಲೇ ಮಾಡಿ. ಹಗುರ ಬ್ಲಾಕ್ ಮಾರುವವರು ಬಾಟಮ್ ಆಶ್ ಕಡೆ ನೋಡಲಿ.

ರೆಡಿಮಿಕ್ಸ್ ಘಟಕದವರಿಗೆ ನನ್ನ ಒಲವು ತಾಮ್ರದ ಸ್ಲ್ಯಾಗ್ ಕಡೆ. ದೊಡ್ಡ ಕಾರ್ಖಾನೆಯಿಂದ ಬರುವುದರಿಂದ ಗುಣ ಹೆಚ್ಚು ಏರುಪೇರಾಗುವುದಿಲ್ಲ. ಅಡ್ಮಿಕ್ಸ್ಚರ್ ಜೊತೆ ಜಗಳವಿಲ್ಲ. ಇನ್ನೊಂದು ಬಿನ್, ಇನ್ನೊಂದು ತೂಕದ ವ್ಯವಸ್ಥೆ ಬೇಕು. ಆ ಖರ್ಚು ದಿನಕ್ಕೆ ನಾಲ್ಕು ಲೋಡ್ ಹೊಡೆಯುವವರಿಗೆ ಗಿಟ್ಟುವುದಿಲ್ಲ, ನಲವತ್ತು ಹೊಡೆಯುವವರಿಗೆ ಗಿಟ್ಟುತ್ತದೆ. ಫೌಂಡ್ರಿ ಮರಳು ಮಾತ್ರ ಹತ್ತಿರ ಇದೆ ಅಂದರೆ ಕೋರ್ ಮರಳನ್ನು ಬೇರೆಯಾಗಿ ಕೊಡಿ ಎಂದು ಒಪ್ಪಂದ ಮಾಡಿಕೊಳ್ಳಿ. ಹಲವು ಫೌಂಡ್ರಿಗಳ ಮರಳನ್ನು ಒಂದೇ ಅಂಗಳದಲ್ಲಿ ಬೆರೆಸಿ ಮಾರುವವರಿಂದ ಕೊಳ್ಳುವುದಕ್ಕಿಂತ ಸುಮಾರಾದ ಒಂದೇ ಫೌಂಡ್ರಿಯ ಮರಳು ವಾಸಿ. ಅದಕ್ಕೆ ತಕ್ಕ ಮಿಕ್ಸ್ ಒಮ್ಮೆ ಕೂರಿಸಿಕೊಂಡರೆ ಸಾಕು. ಬೆರಕೆ ರಾಶಿಗೆ ಪ್ರತಿ ಲಾರಿಗೂ ಹೊಸ ಮಿಕ್ಸ್ ಬೇಕಾಗುತ್ತದೆ.

ಸ್ವಂತ ಮನೆ ಕಟ್ಟಿಸುವವರು ಪಿಲ್ಲರ್, ತಾರಸಿ, ನೀರಿನ ತೊಟ್ಟಿಗೆ ಇವ್ಯಾವುದನ್ನೂ ಸೈಟಿನಲ್ಲೇ ಬೆರೆಸಲು ಹೋಗಬೇಡಿ. ಉಳಿಯುವ ದುಡ್ಡು ಅಲ್ಪ, ಪರೀಕ್ಷೆಯ ಖರ್ಚು ಅದನ್ನು ನುಂಗುತ್ತದೆ. ಬೆಡ್ ಕಾಂಕ್ರೀಟಿಗೆ, ಕಾಂಪೌಂಡ್ ಒಳಗಿನ ನಡೆದಾರಿಗೆ ಪರೀಕ್ಷೆ ಆದ ಮರಳು ಸಿಕ್ಕರೆ ಧಾರಾಳವಾಗಿ ಹಾಕಿ. ಪೈಪಿನ ಕಾಲುವೆ ಮುಚ್ಚಲು ಬಳಸುವ, ಕಸುವು ಹೆಚ್ಚು ಬೇಡದ ಹರಿಯುವ ತುಂಬುಗಾರೆಗೆ ಫೌಂಡ್ರಿ ಮರಳನ್ನು ಮರಳಿನ ಪೂರ್ತಿ ಬದಲಿಯಾಗಿಯೂ ಬಳಸುತ್ತಾರೆ.

ರಾಶಿ ದೊಡ್ಡದಿದ್ದು ಮರಳು ಕೊಳಕಾಗಿದ್ದರೆ ಕಾಂಕ್ರೀಟಿನ ಹಟ ಬಿಟ್ಟುಬಿಡಿ. ಸಿಮೆಂಟ್ ಕಾರ್ಖಾನೆಗೆ ಸಿಲಿಕಾ ಬೇಕೇ ಬೇಕು. 1450 ಡಿಗ್ರಿಯ ಗೂಡಿನಲ್ಲಿ ರಾಳ, ಇಂಗಾಲ ಎಲ್ಲ ಸುಟ್ಟುಹೋಗುತ್ತವೆ. ಜೇಡಿಯಲ್ಲಿರುವ ಅಲ್ಯುಮಿನಾ ಕೂಡ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಮೊದಲ ಲಾರಿ ಬಂದ ಮೇಲೆ

ಒಣ ಮರಳನ್ನು ಸುರಿಯುವಾಗ ನೀರು ಚಿಮುಕಿಸಿ, ಕೆಲಸದವರಿಗೆ ಮಾಸ್ಕ್ ಕೊಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ರಾಶಿಯ ಮೇಲೆ ಹೊದಿಕೆ ಇರಲಿ. ಮಳೆ ಬಿದ್ದರೆ ತೇವ ಬದಲಾಗುತ್ತದೆ, ಕಪ್ಪು ನೀರು ಚರಂಡಿ ಸೇರುತ್ತದೆ.

ಜರಡಿ ಪರೀಕ್ಷೆ ಮಾಡಿ. ಆಮೇಲೆ ಒಂದೇ ಸಿಮೆಂಟಿನಲ್ಲಿ ಎರಡು ಬಗೆಯ ಗಾರೆ ಕ್ಯೂಬ್ (ಒತ್ತಿ ಒಡೆದು ಕಸುವು ಅಳೆಯುವ ಘನಾಕಾರದ ತುಂಡು) ಹಾಕಿ. ಒಂದಕ್ಕೆ ಮಾಮೂಲಿ ಮರಳು, ಇನ್ನೊಂದಕ್ಕೆ ನೀವು ಅಂದುಕೊಂಡ ಪ್ರಮಾಣದ ಬೆರಕೆ. ಏಳನೇ ದಿನ ಬೆರಕೆಯ ಕಸುವು ಮಾಮೂಲಿಯ ಶೇ. 95ಕ್ಕಿಂತ ಕೆಳಗಿದ್ದರೆ ಪ್ರಮಾಣ ಇಳಿಸಿ. ಸರಿಯಿದ್ದರೆ ಶೇ. 10ರಿಂದ ಶುರು ಮಾಡಿ, 28ನೇ ದಿನದ ಕಾಂಕ್ರೀಟ್ ಕ್ಯೂಬ್ ಫಲಿತಾಂಶ ನೋಡಿಕೊಂಡು ಏರಿಸಿ. ಪ್ರತಿ ಲೋಡಿನಿಂದ ಒಂದು ಚೀಲ ಮರಳು ತೆಗೆದು, ದಿನಾಂಕ ಬರೆದು, ಆ 28 ದಿನ ಮುಗಿಯುವವರೆಗೆ ಒಣ ಜಾಗದಲ್ಲಿ ಇಡಿ. ಕ್ಯೂಬಿನ ಕಸುವು ಕಡಿಮೆ ಬಂದರೆ ತಪ್ಪು ಮರಳಿನದ್ದೋ ಮಿಕ್ಸರ್ ನಡೆಸಿದವರದ್ದೋ ಎಂದು ಕೂಗಾಡುವ ಬದಲು ಚೀಲ ಬಿಚ್ಚಿ ಲ್ಯಾಬ್‌ಗೆ ಕಳಿಸಬಹುದು.